ಬಣ್ಣ ಒಂದ ಕಲಿಸಬ್ಯಾಡ್ರಿ, ವಸ್ತುವಿನ ಕೂಡ ಕಲಿಸ್ರಿ

ನಮಸ್ಕಾರ ಅಕ್ಕಾರ. ನಿಮ್ಮ ಪ್ರಶ್ನೆ ಎರಡ ಮಾತಿನ್ಯಾಗ ಹೇಳೋದಾದ್ರ ಹಿಂಗದ: ಹುಬ್ಬಳ್ಳಿ ಮನ್ಯಾಗ 6ರಿಂದ 9 ವರ್ಷದ ಎಂಟು ಮಕ್ಕಳಿಗೆ ವಾರಕ್ಕ ಎರಡು ಸಲ ಸ್ಪ್ಯಾನಿಷ್ ಹೇಳಿಕೊಡ್ತೀರಿ. ಹತ್ತು ಬಣ್ಣದ ಹೆಸರು ಒಂದ ಉಸಿರಿಗೆ ಹಾಡ್ತಾವ, ಆದ್ರ ಹಸಿರು ಪೆನ್ಸಿಲ್ ಹಿಡಿದು ಕೇಳಿದ್ರ ತಡವರಿಸ್ತಾವ. ಮ್ಯಾಲ ಕೆಂಪಿಗೆ ರೋಹೊನೋ ರೋಹಾನೋ ಅನ್ನೋ ಗೊಂದಲ ಬ್ಯಾರೆ.

ಹಾಡಿಂದ ತಪ್ಪಿಲ್ರಿ. ಆದ್ರ ಹಾಡು ಅಂದ್ರ ಸರಪಳಿ. ಮಗ್ಗಿ ಬಾಯಿಪಾಠ ಮಾಡಿದ ಹುಡುಗಗ ಏಳಾರ್ಲೆ ಎಷ್ಟು ಅಂತ ಕೇಳ್ರಿ, ಏಳೊಂದ್ಲೆ ಏಳರಿಂದ ಹತ್ತಿ ಬರ್ತಾನ. ಇಲ್ಲೂ ಅದ. ಹಸಿರು ಅಂದಕೂಡ್ಲೆ 'ಬೆರ್ದೆ' ನೆನಪಾಗೂದಿಲ್ಲ, ನಾಲ್ಕನೇ ಹೆಸರು ನೆನಪಾಗ್ತದ. ಹತ್ತು ಬಿಡ್ರಿ, ನಾಲ್ಕು ಇಟ್ಕೋರಿ: ರೋಹೊ ಕೆಂಪು, ಅಮರೀಯೊ ಹಳದಿ, ಬೆರ್ದೆ ಹಸಿರು, ಅಸೂಲ್ ನೀಲಿ. ಎರಡು ವಾರ ಇವ ಸಾಕು. ಪ್ರತಿ ಸಲ ಕ್ರಮಾ ಬದಲಿ ಮಾಡಿ ಕೇಳ್ರಿ.

ಅದಕ್ಕೂ ಮೊದಲ ಒಂದು ತಪಾಸಣಿ ಮಾಡ್ರಿ. ಅದ ಪೆನ್ಸಿಲ್ ತೋರಿಸಿ ಕನ್ನಡದಾಗ ಕೇಳ್ರಿ, ಆಮ್ಯಾಲೆ ಇಂಗ್ಲಿಷ್‌ನ್ಯಾಗ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಪಿಂಕ್ ಗೊತ್ತಿರ್ತದ, ಗುಲಾಬಿ ಗೊತ್ತಿರೂದಿಲ್ಲ. ಬ್ರೌನ್ ಗೊತ್ತು, ಕಂದು ಗೊತ್ತಿಲ್ಲ. ಅಂಥಾ ಕೂಸಿಗೆ ಕನ್ನಡದ ಮೂಲಕ ಹೇಳಿದ್ರ ಎರಡು ಹೊಸ ಶಬ್ದದ ಭಾರ ಬೀಳ್ತದ. ಯಾವ ಭಾಷಾದಾಗ ಕೇಳಿದ್ರೂ ಕೆಂಪು-ಹಸಿರು ಅದಲುಬದಲು ಮಾಡೋ ಮಗು ಇದ್ರ, ಅದೂ ಹುಡುಗ ಇದ್ರ, ಬೈಬ್ಯಾಡ್ರಿ. ಬಣ್ಣಗುರುಡು ಇರಬಹುದು, ಇದು ಗಂಡುಮಕ್ಕಳೊಳಗ ಹೆಚ್ಚು. ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಲಿಕ್ಕೆ ಮನಿಯವರಿಗೆ ಹೇಳ್ರಿ.

ಈಗ ಮುಖ್ಯ ಮಾತು. ಸ್ಪ್ಯಾನಿಷ್‌ನ್ಯಾಗ ಬಣ್ಣದ ಶಬ್ದ ಒಂಟಿಯಾಗಿ ತಿರುಗಾಡೂದಿಲ್ಲ, ವಸ್ತುವಿನ ಬಾಲಾ ಹಿಡಕೊಂಡ ಬರ್ತದ. ಗುಂಡಿ ಕೆಂಪಿದ್ರ 'ಎಲ್ ಬೊತೋನ್ ರೋಹೊ', ಮುಚ್ಚಳ ಕೆಂಪಿದ್ರ 'ಲಾ ತಾಪಾ ರೋಹಾ'. ಎಲ್, ಲಾ ಅಂದ್ರ ವಸ್ತುವಿನ ಹೆಸರಿನ ಮುಂದ ಬರೋ ಸಣ್ಣ ಶಬ್ದ, ಯಾವ ಹೆಸರಿಗೆ ಯಾವುದು ಅನ್ನೂದು ಆ ಹೆಸರಿನ ಲಿಂಗದ ಮ್ಯಾಲ. ಬರೇ ಕಾರ್ಡು ತೋರಿಸಿ ರೋಹೊ, ರೋಹೊ ಅಂತ ತಿಂಗಳಗಟ್ಟಲೆ ಹೇಳಿಸಿದ್ರ, ಮುಂದ ರೋಹಾ ಕೇಳಿದಾಗ ಮಕ್ಕಳು ಅದನ್ನ ಬ್ಯಾರೆ ಬಣ್ಣ ಅಂದ್ಕೋತಾವ, ಇಲ್ಲಾ ನೀವ ತಪ್ಪು ಹೇಳೀರಿ ಅಂತ ತಿದ್ದಲಿಕ್ಕೆ ಬರ್ತಾವ. ಹಿಂಗಾಗಿ ಮೊದಲ ವಾರದಿಂದ ಎರಡೂ ಕಿವಿಗೆ ಬೀಳಬೇಕು. ಕಾರಣಾ ಹೇಳೂದು ಬ್ಯಾಡ, ಕಿವಿಗೆ ಬಿದ್ರ ಸಾಕು.

ಸಾಮಾನು ಅಗ್ಗದ್ದು. ಟೇಲರ್ ಕಡೆ ಕೋಟಿನ ದೊಡ್ಡ ಗುಂಡಿ 20, ನೀರಿನ ಬಾಟಲಿ ಮುಚ್ಚಳ 20. ನಾಲ್ಕು ಬಣ್ಣ, ಒಂದೊಂದಕ್ಕ ಐದೈದು. ಬಣ್ಣ ಸಿಗಲಿಲ್ಲಾಂದ್ರ ಎಲೆಕ್ಟ್ರಿಕ್ ಅಂಗಡ್ಯಾಗಿನ ಇನ್ಸುಲೇಷನ್ ಟೇಪ್ ತಗೋರಿ. ಕೆಂಪು, ಹಳದಿ, ಹಸಿರು, ನೀಲಿ ನಾಲ್ಕೂ ಸಿಗ್ತಾವ, ಮುಂದ ಬೇಕಾಗೋ ಕರಿ ಬಿಳಿನೂ ಸಿಗ್ತಾವ. ದುಂಡಗ ಕತ್ತರಿಸಿ ಹಚ್ಚಿದ್ರ ಎಲ್ಲಾದ್ರ ಛಾಯಾ ಒಂದ ಆಗ್ತದ. ಇದು ಸಣ್ಣ ಮಾತಲ್ಲ: ಒಂದು ಆಕಾಶನೀಲಿ, ಒಂದು ಕಡುನೀಲಿ ಇದ್ರ ಮಕ್ಕಳು ಇದೂ ಅಸೂಲ್ ಹೌದೋ ಅಲ್ಲೋ ಅಂತ ಗಲಿಬಿಲಿ ಆಗ್ತಾವ. ಎಂಟು ಮಕ್ಕಳನ್ನ ನಾಲ್ಕು ಜೋಡಿ ಮಾಡಿ, ಜೋಡಿಗೊಂದು ತಾಟಿನ್ಯಾಗ ನಾಲ್ಕು ಗುಂಡಿ, ನಾಲ್ಕು ಮುಚ್ಚಳ ಹಾಕ್ರಿ. ಉಳಿದ ಒಂದು ಜೊತಿ ನಿಮ್ಮ ಕೈಯಾಗ. ಮನ್ಯಾಗ ಮೂರು ವರ್ಷದ ಒಳಗಿನ ಕೂಸು ಇದ್ರ ಪಾಠ ಮುಗಿದ ಮ್ಯಾಲ 40 ಎಣಿಸಿ ಡಬ್ಬಿಗೆ ಹಾಕ್ರಿ, ಬಾಯಾಗ ಹಾಕ್ಕೊಂಡ್ರ ಕಷ್ಟ.

ಇನ್ನೊಂದು. ಎಲ್ ಶಬ್ದಕ್ಕ ನೀಲಿ ಚೀಟಿ, ಲಾ ಶಬ್ದಕ್ಕ ಗುಲಾಬಿ ಚೀಟಿ ಹಚ್ಚೋ ಪದ್ಧತಿ ಬಹಳ ಕಡೆ ಅದ. ಬಣ್ಣದ ಪಾಠಕ್ಕ ಅದನ್ನ ತರಲೇಬ್ಯಾಡ್ರಿ. ಗುಲಾಬಿ ಚೀಟಿ ಹಚ್ಚಿದ ಕೆಂಪು ಮುಚ್ಚಳದ ಬಣ್ಣ ಯಾವುದು ಅಂದ್ರ ಮಗು ಏನು ಹೇಳಬೇಕು? ಆಕಾರ ಬಳಸ್ರಿ: ಎಲ್ ವಸ್ತು ಚೌಕ ಡಬ್ಬಿಗೆ, ಲಾ ವಸ್ತು ದುಂಡನ ಬುಟ್ಟಿಗೆ. ಹಂಗ, ರೋಹೊ ಅಂತ ನೀಲಿ ಸೀಸಕಡ್ಡಿಲೆ ಬರೀಬ್ಯಾಡ್ರಿ. ಅಕ್ಷರದ ಬಣ್ಣ ಒಂದು, ಅರ್ಥದ ಬಣ್ಣ ಒಂದು ಇದ್ರ ಓದಲಿಕ್ಕೆ ಬರೋ ದೊಡ್ಡವರ ನಾಲಗಿನೂ ತಡೀತದ. ಸ್ಟ್ರೂಪ್ ಅನ್ನೋ ಮನೋವಿಜ್ಞಾನಿ 1935ರಾಗ ಇದನ್ನ ತೋರಿಸ್ಯಾನ.

ಮೊದಲ ಪಾಠ, 20 ನಿಮಿಷ, ಮಕ್ಕಳು ಬಾಯಿ ಬಿಚ್ಚೂದಿಲ್ಲ. ನೀವು 'ತೋಕಾ ಲಾ ತಾಪಾ ರೋಹಾ' ಅನ್ರಿ, ಕೆಂಪು ಮುಚ್ಚಳ ಮುಟ್ಟು ಅಂತ. ಮುಟ್ತಾರ. 'ತೋಕಾ ಎಲ್ ಬೊತೋನ್ ಅಸೂಲ್.' ಮುಟ್ತಾರ. ನಡುನಡುವ ಕೈ ತೋರಿಸಿ ಸುಳಿವು ಕೊಡ್ತೀರಲ್ಲ, ಕ್ರಮೇಣ ಕೈ ಕಟ್ಕೊಂಡು ಹೇಳ್ರಿ. ಎಷ್ಟೋ ಮಕ್ಕಳು ಶಬ್ದಕ್ಕಲ್ಲ, ನಿಮ್ಮ ಕಣ್ಣು ಎತ್ತ ಹೊಂಟದ ಅನ್ನೂದಕ್ಕ ಉತ್ತರಾ ಕೊಡ್ತಿರ್ತಾವ. ಎರಡನೇ ಪಾಠದಾಗ 'ದಾಮೆ', ಅಂದ್ರ ನನಗ ಕೊಡು. ಮೂರನೇದ್ರಾಗ ಮಕ್ಕಳ ಒಬ್ಬರಿಗೊಬ್ಬರು ದಾಮೆ ಅನ್ನಲಿ. ನಾಲ್ಕನೇದ್ರಾಗ ಪ್ರಶ್ನೆ: 'ದೆ ಕೆ ಕೊಲೋರ್ ಎಸ್ ಲಾ ತಾಪಾ?', ಮುಚ್ಚಳ ಯಾವ ಬಣ್ಣದ್ದು ಅಂತ. ಉತ್ತರ: 'ಎಸ್ ರೋಹಾ.' ಮಗು 'ಎಸ್ ರೋಹೊ' ಅಂದ್ರ ತಪ್ಪು ಅನಬ್ಯಾಡ್ರಿ. 'ಸೀ, ಲಾ ತಾಪಾ ಎಸ್ ರೋಹಾ' ಅಂತ ತಿರುಗಿ ಸರಿ ರೂಪ ಕೇಳಿಸಿ ಮುಂದ ಹೋಗ್ರಿ.

ಎಲ್-ಲಾ ಭೇದಕ್ಕ ಗಂಡು-ಹೆಣ್ಣು ಅಂತ ಹೆಸರು ಕೊಟ್ರ ಅರ್ಧ ತಾಸು ನಗೂದ್ರಾಗ ಹೋಗ್ತದ, ಗುಂಡಿ ಗಂಡು ಹೆಂಗ್ರಿ ಅಂತ. ಎಲ್ ಬಳಗ, ಲಾ ಬಳಗ ಅನ್ರಿ ಸಾಕು. ಮನ್ಯಾಗ ಉರ್ದು, ಮರಾಠಿ ಮಾತಾಡೋ ಮಕ್ಕಳು ನಿಮ್ಮ ಗುಂಪಿನ್ಯಾಗ ಇದ್ರ ಅವರನ್ನ ಮುಂದ ಮಾಡ್ರಿ. ನೀಲಾ-ನೀಲೀ, ಕಾಳಾ-ಕಾಳೀ ಅವರ ಬಾಯಾಗ ಹುಟ್ಟಿಂದ ಅದ. ಲಾಲ್ ಮಾತ್ರ ಎರಡಕ್ಕೂ ಲಾಲ್. ಸ್ಪ್ಯಾನಿಷ್‌ನ್ಯಾಗ ರೋಹೊ, ಅಮರೀಯೊ ಬದಲಾಗ್ತಾವ, ಬೆರ್ದೆ, ಅಸೂಲ್ ಎರಡೂ ಬಳಗಕ್ಕ ಹಂಗ ಇರ್ತಾವ. ಬರೇ ಕನ್ನಡದ ಮಕ್ಕಳಿಗೆ ಕೆಂಪು ಅಂದ್ರ ಯಾವಾಗಲೂ ಕೆಂಪು, ಆದ್ರ ದೊಡ್ಡಾಂವ, ದೊಡ್ಡಾಕಿ ನಮ್ಮಲ್ಲೂ ಅದ ಅಲ್ಲೇನು? ಆ ಎಳಿ ಹಿಡೀರಿ. ಹೆಚ್ಚು ಕಷ್ಟ ಆಗೂದು ಜಾಗದ್ದು. ಕನ್ನಡ, ಹಿಂದಿ, ಮರಾಠಿ ಎಲ್ಲಾದ್ರಾಗೂ ಬಣ್ಣ ಮೊದಲು, ವಸ್ತು ಆಮ್ಯಾಲೆ. ಇಲ್ಲಿ ತಿರುವುಮುರುವು. ಅದಕ್ಕ 'ರೋಹಾ ತಾಪಾ' ಅಂತ ತಿಂಗಳಾನುಗಟ್ಟಲೆ ಬರ್ತಿರ್ತದ, ಗಾಬರಿ ಆಗಬ್ಯಾಡ್ರಿ.

ಬಹುವಚನ ಮೂರನೇ ವಾರಕ್ಕ. ತಾಪಾಸ್ ರೋಹಾಸ್, ಬೊತೋನೆಸ್ ರೋಹೋಸ್. ಲಿಂಗಕ್ಕ ಬದಲಾಗದ ಬೆರ್ದೆನೂ ಇಲ್ಲಿ ಬೆರ್ದೆಸ್, ಅಸೂಲ್ ಹೋಗಿ ಅಸೂಲೆಸ್.

ಉಚ್ಚಾರದಾಗ ನಮ್ಮ ಮಕ್ಕಳಿಗೆ ಲಾಭ ಹೆಚ್ಚು. ಸ್ಪ್ಯಾನಿಷ್ ಸ್ವರ ಐದ, ಅ ಎ ಇ ಒ ಉ, ಕನ್ನಡದಂಗ ಶುದ್ಧ. ಬೆರ್ದೆ, ಮೊರಾದೊ (ನೇರಳೆ) ಒಳಗಿನ ದ ನಮ್ಮ ದಕ್ಕ ಹತ್ತಿರ. ಇಂಗ್ಲಿಷ್ ಓದಿ 'ವರ್ಡಿ' ಅನ್ನೋ ಮಗುವಿಗೆ ಕನ್ನಡದಾಗ ಓದು ಅನ್ರಿ, ತಾನ ಸರಿ ಆಗ್ತದ. ವಿ ಮತ್ತ ಬಿ ಎರಡಕ್ಕೂ ಉಚ್ಚಾರ ಒಂದ. ರೋಹೊದ ಹ ಗಂಟಲಿಂದ ತಿಕ್ಕಿ ಬರಬೇಕು, ಉರ್ದು ಮಾತಾಡೋರು ಖಬರ್ ಅನ್ನೋವಾಗ ಬರ್ತದಲ್ಲ, ಹಂಗ. ಮೊದಲಿನ ರ ಮಕ್ಕಳು ಬೈಕ್ ಆಟಕ್ಕ ಡುರ್ರ್ ಅಂತಾವಲ್ಲ, ಆ ರ. ಕಾಡೂದು ಒಂದ: ಕೊನಿಗೆ ಉ ಹಚ್ಚೋ ರೂಢಿ. ಬಸ್ಸು, ಕಾರು ಅಂದಂಗ ಅಸೂಲು, ಗ್ರಿಸು (ಗ್ರಿಸ್ ಅಂದ್ರ ಬೂದಿ ಬಣ್ಣ) ಅಂತಾರ. 'ಅಸೂಲ್' ಅಂದು ನಾಲಗಿ ತುದಿ ಅಂಗುಳಕ್ಕ ಹಚ್ಚಿ ಎರಡು ಎಣಿಸೋತನ ತಡೀರಿ ಅಂತ ಆಟಾ ಮಾಡ್ರಿ. ಅಸೂಲ್‌ದ ಸ ಲ್ಯಾಟಿನ್ ಅಮೆರಿಕಾದ್ದು. ಸ್ಪೇನಿನ ಬಹುಭಾಗದಾಗ ನಾಲಗಿ ಹಲ್ಲಿನ ನಡುವ ಇಟ್ಟು ಅಂತಾರ, ಇಂಗ್ಲಿಷ್ ಥಿಂಕ್ ಅಂದಂಗ. ಯಾವುದರ ಒಂದು ಹಿಡೀರಿ, ಎರಡೂ ಬೆರೆಸಬ್ಯಾಡ್ರಿ.

ಎರಡನೇ ಕಂತು: ಬ್ಲಾಂಕೊ ಬಿಳಿ, ನೇಗ್ರೊ ಕರಿ, ನರಾಂಹಾ ಕಿತ್ತಳೆ, ಮೊರಾದೊ ನೇರಳೆ, ರೋಸಾ ಗುಲಾಬಿ. ಇಲ್ಲಿ ಮಕ್ಕಳಿಗೆ ಕತಿ ಸಿಗ್ತದ. ನರಾಂಹಾ ನಮ್ಮ ನಾರಂಗಿನ. ಸಂಸ್ಕೃತದ ನಾರಂಗ ಪರ್ಷಿಯನ್, ಅರಬ್ಬಿ ದಾಟಿ ಸ್ಪೇನಿಗೆ ಹೋಗ್ಯದ. ರೋಸಾ, ಗುಲಾಬಿ ಎರಡೂ ಹೂವಿನ ಹೆಸರು. ಮೊರಾದೊ ಬಂದದ್ದು 'ಮೋರಾ'ದಿಂದ, ಅದು ಹಿಪ್ಪುನೇರಳೆ ಹಣ್ಣು. ನಮ್ಮ ನೇರಳೆ ಬಣ್ಣನೂ ಹಣ್ಣಿಂದ ಬಂದದ್ದ. ನರಾಂಹಾ, ರೋಸಾ ಕೊನಿಗೆ ಆ ಇದ್ರೂ ಎಲ್ ಬಳಗದ ಕೂಡ ಬದಲಾಗೂದಿಲ್ಲ: 'ಎಲ್ ಬೊತೋನ್ ರೋಸಾ'. ಜಾಣ ಮಗು 'ರೋಸೊ' ಅಂತ ಮಾಡ್ತದ. ಅದು ತಪ್ಪು, ಆದ್ರ ನಿಯಮ ತಲ್ಯಾಗ ಕೂತದ ಅನ್ನೂದಕ್ಕ ಒಳ್ಳೆ ಗುರುತು. ನೇಗ್ರೊ ಬಗ್ಗೆ ಒಂದು ಎಚ್ಚರ: ವಸ್ತುವಿಗೆ, ಕೂದಲಿಗೆ, ಬೆಕ್ಕಿಗೆ ಹೇಳ್ರಿ, ಯಾರದ ಮೈಬಣ್ಣಕ್ಕೂ ಹಚ್ಚಿ ಕರೀಬಾರದು ಅಂತ ಮೊದಲ ದಿನನ ಹೇಳಿಬಿಡ್ರಿ.

ಊರಿನ ವಸ್ತು ತಂದ್ರ ಪಾಠ ತಾನ ಹತ್ತತದ. ಎರಿ ಹೊಲದ ಒಂದು ಮುಷ್ಟಿ ಮಣ್ಣು, ಮಸಾರಿ ಮಣ್ಣು ಒಂದು ಮುಷ್ಟಿ, ಎರಡು ವಾಟಗದಾಗ ಇಡ್ರಿ: 'ತಿಯೆರ್ರಾ ನೇಗ್ರಾ', 'ತಿಯೆರ್ರಾ ರೋಹಾ'. ಬ್ಯಾಡಗಿ ಮೆಣಸಿನಕಾಯಿ, ಹಸಿ ಮೆಣಸಿನಕಾಯಿ: 'ಚೀಲೆ ರೋಹೊ', 'ಚೀಲೆ ಬೆರ್ದೆ'. ಚೀಲೆ ಮೆಕ್ಸಿಕೋದ ಶಬ್ದ, ಮೆಣಸಿನಕಾಯಿ ಮೂಲನೂ ಆ ಕಡೇದ. ಕಣ್ಣು ಮುಟ್ಟಬ್ಯಾಡ್ರಿ ಅಂತ ಮಕ್ಕಳಿಗೆ ಹೇಳಿ ಕೊಡ್ರಿ. ಉಳ್ಳಾಗಡ್ಡಿ ತೋರಿಸಿದ್ರ ಎಲ್ಲಾರೂ ಕೆಂಪು ಅಂತಾರ, ಸ್ಪ್ಯಾನಿಷ್‌ನ್ಯಾಗ ಅದು 'ಸೆಬೋಯಾ ಮೊರಾದಾ', ನೇರಳೆ ಉಳ್ಳಾಗಡ್ಡಿ. ಸಿಪ್ಪಿ ಕೈಯಾಗ ಹಿಡಿದು ನೋಡಿದ್ರ ಅವರ ಮಾತ ಖರೆ ಅನಸ್ತದ.

ಎಲ್ಲಾಕ್ಕಿಂತ ಚೊಲೊ ಪಾಠ ಬಾವುಟದ್ದು. ಕಾಗದದ ಮ್ಯಾಲ 18 ಸೆಂಟಿಮೀಟರ್ ಉದ್ದ, 12 ಎತ್ತರದ ಚೌಕಟ್ಟು ಎರಡು ಹಾಕ್ರಿ. ಒಂದರಾಗ ಸ್ಪೇನಿನ ಬಾವುಟ: ಮ್ಯಾಲ 3 ಸೆಂಟಿಮೀಟರ್ ಕೆಂಪು, ನಡುವ 6 ಹಳದಿ, ಕೆಳಗ 3 ಕೆಂಪು. ಹಳದಿ ಪಟ್ಟಿ ಕೆಂಪಿನ ಎರಡು ಪಟ್ಟು ಅಂತ 1978ರ ಅವರ ಸಂವಿಧಾನದ 4ನೇ ವಿಧಿಯೊಳಗನ ಬರದದ. ನಮ್ಮ ಕನ್ನಡ ಬಾವುಟದ ಬಣ್ಣನೂ ಅವ ಎರಡು, ಮಕ್ಕಳು ನೀವು ಹೇಳೂಕಿಂತ ಮೊದಲ ಕೂಗ್ತಾವ. ಇನ್ನೊಂದರಾಗ ಹುಬ್ಬಳ್ಳಿ ಬೆಂಗೇರಿಯೊಳಗ ಹೊಲಿಯೋ ನಮ್ಮ ರಾಷ್ಟ್ರಧ್ವಜ, ನಾಲ್ಕು ನಾಲ್ಕು ಸೆಂಟಿಮೀಟರಿನ ಮೂರು ಸಮ ಪಟ್ಟಿ. ಪಟ್ಟಿಗೆ 'ಫ್ರಾಂಹಾ' ಅಂತಾರ, ಲಾ ಬಳಗದ್ದು. ಈಗ ನೋಡ್ರಿ: ಫ್ರಾಂಹಾ ನರಾಂಹಾ, ಫ್ರಾಂಹಾ ಬ್ಲಾಂಕಾ, ಫ್ರಾಂಹಾ ಬೆರ್ದೆ. ಮೊದಲೇದು ಬದಲಾಗದ ಹಣ್ಣಿನ ಹೆಸರು, ಎರಡನೇದು ಬಾಲಾ ಬದಲಿಸಿದ್ದು, ಮೂರನೇದು ಎ ಅಂತ ಮುಗಿದು ಹಂಗ ಉಳಿದದ್ದು. ಮೂರು ತರಾ ಒಂದ ಧ್ವಜದಾಗ. ನಡುವ 'ರುಯೇದಾ ಅಸೂಲ್', ನೀಲಿ ಚಕ್ರ, 24 ಗೆರಿ. ಬರೆದ ಹಾಳಿ ಕಸದಾಗ ಹೋಗದಂಗ ವಹಿಗೆ ಹಚ್ಚಸ್ರಿ.

ಇಷ್ಟರ ಮ್ಯಾಲ ಬರೋ ತೊಡಕು ಎರಡ. 'ಮಾನೊ' (ಕೈ) ಒ ಇಂದ ಮುಗಿದ್ರೂ ಲಾ ಬಳಗ, 'ಮಾಪಾ' (ನಕಾಶೆ) ಆ ಇದ್ರೂ ಎಲ್ ಬಳಗ. ಮೊದಲ ಎರಡು ತಿಂಗಳು ಈ ಎರಡನ್ನೂ ಬಣ್ಣದ ಪಾಠಕ್ಕ ತರಬ್ಯಾಡ್ರಿ. ಇನ್ನೊಂದು, ನಿನಗ ಯಾವ ಬಣ್ಣ ಇಷ್ಟ ಅಂತ ಕೇಳಿದಾಗ ಹೆಣ್ಣುಮಕ್ಕಳು ರೋಹಾ ಅಂತಾರ, ತಾವು ಹುಡುಗಿ ಅಂತ. ಬಣ್ಣದ ಹೆಸರಾಗಿ ನಿಂತಾಗ ಅದು ಯಾವಾಗಲೂ ಎಲ್: 'ಮೆ ಗುಸ್ತಾ ಎಲ್ ರೋಹೊ'.

ಆರನೇ ವಾರ ಪರೀಕ್ಷಾ ಮಾಡೂದಾದ್ರ ಗುಂಡಿ-ಮುಚ್ಚಳ ತೆಗೆದಿಡ್ರಿ, ಅವು ಬಾಯಿಪಾಠ ಆಗಿರ್ತಾವ. ಬಣ್ಣಕ್ಕ ಹಚ್ಚದ ಶಬ್ದ ತಗೋರಿ: ಲಿಬ್ರೊ ಪುಸ್ತಕ, ಸೀಯಾ ಕುರ್ಚಿ. ಹಳದಿ ಪುಸ್ತಕ, ಹಳದಿ ಕುರ್ಚಿ ತೋರಿಸ್ರಿ. ಎಂಟು ಮಕ್ಕಳೊಳಗ ಐದು ಮಂದಿ ಬಾಲಾ ತಾವ ಸರಿ ಹಚ್ಚಿದ್ರ ಗ್ರಿಸ್ ಮತ್ತ ಮರ್ರೋನ್ (ಕಂದು) ಶುರು ಮಾಡ್ರಿ. ಮರ್ರೋನ್‌ಗೆ ಮೆಕ್ಸಿಕೋದಾಗ ಕಫೇ ಅಂತಾರ, ನಾವು ಕಾಫಿ ಕಲರ್ ಅಂದಂಗ, ನಿಮ್ಮ ಪುಸ್ತಕ ಆ ಕಡೇದಿದ್ರ ಅದನ್ನ ಹೇಳ್ರಿ. ಐದಕ್ಕಿಂತ ಕಡಿಮಿ ಇದ್ರ ಇನ್ನೆರಡು ವಾರ ದಾಮೆ ಆಟನ ನಡೀಲಿ.