ಗಂಗಾವತಿ ಅಂತ ಹೆಸರಿಡಬಹುದೇನ್ರಿ?

ಪ್ರಶ್ನೆ: ಕ್ಷುದ್ರಗ್ರಹ ಕಂಡುಹಿಡಿದ್ರ ಅದಕ್ಕ ನಮ್ಮೂರ ಹೆಸರು ಇಡಬಹುದೇನ್ರಿ? ನನ್ನ ಮಗ ದಿನಾ ರಾತ್ರಿ ಮಾಳಗಿ ಏರಿ ಕೂತು ಇದನ್ನೇ ಕೇಳ್ತಾನ.
— ಓದುಗರೊಬ್ಬರು, ಗಂಗಾವತಿ

ಉತ್ತರ: ಇಡಬಹುದ್ರಿ, ಆದ್ರ ಲಗೂನ ಆಗೋ ಕೆಲಸ ಅಲ್ಲ. 4130 ರಾಮಾನುಜನ್ ಅನ್ನೋ ಕ್ಷುದ್ರಗ್ರಹದ ಕಥಿ ನೋಡ್ರಿ, 1988ರ ಫೆಬ್ರವರಿ 17ಕ್ಕ ತಮಿಳುನಾಡಿನ ಕಾವಲೂರಿನ್ಯಾಗ ಆರ್. ರಾಜಮೋಹನ್ ಅವರು ಕಂಡುಹಿಡಿದಿದ್ದು, ಮಂಗಳ-ಗುರು ನಡುವಿನ ಪಟ್ಟಿಯೊಳಗ ಸೂರ್ಯನ್ನ ಸುತ್ತೋ ಕಲ್ಲು. ಹೆಂಗ ಗೊತ್ತಾಗತೈತಿ ಅಂದ್ರ, ರಾತ್ರಿ ಆನೆಗೊಂದಿ ಹೊಳಿ ದಂಡಿಗೆ ನಿಂತ್ರ ಆಚೆ ದಂಡಿ ಲೈಟು ಇದ್ದಲ್ಲೇ ಇರ್ತಾವ, ಹರಿಗೋಲಿನ್ಯಾಗಿನ ಟಾರ್ಚ್ ಒಂದೇ ಸರೀತೈತಿ, ಹಂಗ ಬ್ಯಾರೆ ಬ್ಯಾರೆ ಹೊತ್ತಿನ ಫೋಟೋದಾಗ ನಕ್ಷತ್ರ ಕದಲಂಗಿಲ್ಲ, ಇದು ಸರದಿರ್ತೈತಿ. ಮೊದ್ಲು ಇದಕ್ಕ 1988 ಡಿಕ್ಯೂ1 ಅಂತ ತಾತ್ಕಾಲಿಕ ಹೆಸರು. ಜನವರಿ ಮೊದಲ ಅರ್ಧಕ್ಕ ಎ, ಎರಡನೇದಕ್ಕ ಬಿ, ಹಂಗ ಎಣಿಸ್ಕೋತ ಹೋದ್ರ ಫೆಬ್ರವರಿ ಎರಡನೇ ಅರ್ಧಕ್ಕ ಡಿ ಬರತೈತಿ (ಬಸ್ಸಿನ ಸೀಟ್ ನಂಬರ್ ಇದ್ದಂಗ!). ಕಕ್ಷೆ ಪಕ್ಕಾ ಆದಮ್ಯಾಲೆ ಖಾಯಂ ನಂಬರು, ಆಮ್ಯಾಲೆ ಹೆಸರು. ಕಂಡುಹಿಡಿದವರಿಗೆ ಹೆಸರು ಸೂಚಿಸೋಕ 10 ವರ್ಷ ಹಕ್ಕಿರತೈತಿ, ಒಪ್ಪೋದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ. ಇಂಗ್ಲಿಷ್‌ನ್ಯಾಗ 16 ಅಕ್ಷರ ದಾಟಬಾರದು, ಗಂಗಾವತಿ ಆರಾಮಾಗಿ ಹಿಡಿಸ್ತೈತಿ. ರಾಜಕಾರಣಿ ಹೆಸರಾದ್ರ ಮಾತ್ರ ಅವರು ತೀರಿ 100 ವರ್ಷ ಆಗಿರಬೇಕು, ಈ ರೂಲು ನನಗ ಭಾಳ ಸೇರತೈತಿ ನೋಡ್ರಿ.