ಆಸ್ಪಿರಿನ್ ನೀರಿಗೆ ಇಳಿಯಿತು, ಪ್ಯಾರಸಿಟಮಾಲ್ ಯಾಕೆ ಇಳಿಯಲಿಲ್ಲ?

ಎರಡೂ ಆಮ್ಲಗಳೇ, ಆದರೂ ಎರಡನ್ನೂ ಈಥೈಲ್ ಅಸಿಟೇಟ್ ಎಂಬ ದ್ರಾವಕದಲ್ಲಿ ಕರಗಿಸಿ, ಬೇರ್ಪಡಿಸುವ ಫನಲ್‌ನಲ್ಲಿ ಅಡುಗೆ ಸೋಡಾ ದ್ರಾವಣ ಹಾಕಿದರೆ ಆಸ್ಪಿರಿನ್ ಮಾತ್ರ ನೀರಿನ ಪದರಕ್ಕೆ ಬರುತ್ತದೆ, ಯಾಕೆ ಅಂತ ಕೇಳಿದ್ದೀರಿ ಅಲ್ವಾ? ಪಿಕೆಎ ನೋಡಿ, ಅಂದರೆ ಆಮ್ಲ ಎಷ್ಟು ಸುಲಭವಾಗಿ ಪ್ರೋಟಾನ್ ಬಿಡುತ್ತದೆ ಅನ್ನೋ ಅಳತೆ; ಕಡಿಮೆ ಇದ್ದಷ್ಟೂ ಆಮ್ಲ ಪ್ರಬಲ. ಆಸ್ಪಿರಿನ್‌ದು ಸುಮಾರು 3.5, ಪ್ಯಾರಸಿಟಮಾಲ್‌ದು 9.5. ಸೋಡಾ ದ್ರಾವಣದ ಪಿಎಚ್ 8ರ ಆಸುಪಾಸು. ಅಲ್ಲಿ ಆಸ್ಪಿರಿನ್ ಹೆಚ್ಚುಕಡಿಮೆ ಪೂರ್ತಿ ಪ್ರೋಟಾನ್ ಬಿಟ್ಟುಕೊಟ್ಟು, ಸೋಡಿಯಂ ಲವಣವಾಗಿ ನೀರಿಗೆ ಇಳಿಯುತ್ತದೆ. ಪ್ಯಾರಸಿಟಮಾಲ್ ಬಹುಪಾಲು ಹಾಗೇ ಉಳಿದು, ಮೇಲಿನ ಈಥೈಲ್ ಅಸಿಟೇಟ್‌ನಲ್ಲೇ ಇರುತ್ತದೆ.

ಅಡುಗೆ ಸೋಡಾ ಬದಲು ಅದಕ್ಕಿಂತ ಪ್ರಬಲ ಕ್ಷಾರವಾದ ಕಾಸ್ಟಿಕ್ ಸೋಡಾ ಹಾಕಿದರೆ ಎರಡೂ ನೀರಿಗೆ ಹೋಗುತ್ತವೆ, ಬೇರ್ಪಡಿಸಿದ್ದು ಸುಮ್ನೆ ವ್ಯರ್ಥ. ಅಷ್ಟೇ ಅಲ್ಲ, ಆಸ್ಪಿರಿನ್ ಒಡೆದು ಸ್ಯಾಲಿಸಿಲಿಕ್ ಆಮ್ಲ ಆಗಿಬಿಡುತ್ತದೆ. ಅನುಮಾನ ಬಂದರೆ ಕೊನೆಗೆ ಸಿಕ್ಕ ಹರಳಿಗೆ ಫೆರಿಕ್ ಕ್ಲೋರೈಡ್ ಒಂದು ಹನಿ ಬಿಟ್ಟು ನೋಡಿ: ನೇರಳೆ ಬಣ್ಣ ಬಂದರೆ ಒಡೆದಿರಬಹುದು, ಇಲ್ಲವೇ ಪ್ಯಾರಸಿಟಮಾಲ್ ಬೆರೆತಿರಬಹುದು, ಅದೂ ನೀಲಿ-ನೇರಳೆ ಬಣ್ಣ ಕೊಡುತ್ತದೆ.

ಅಡುಗೆ ಸೋಡಾ ಹಾಕಿದಾಗ ಆಸ್ಪಿರಿನ್ ಇಳಿದ ನೀರಿನ ಪದರವನ್ನು ಬೇರೆ ತೆಗೆದು, ಐಸ್‌ನಲ್ಲಿಟ್ಟು, ಹೈಡ್ರೋಕ್ಲೋರಿಕ್ ಆಮ್ಲವನ್ನು ನಿಧಾನವಾಗಿ ಹಾಕುತ್ತಾ ಪಿಎಚ್ 2ಕ್ಕೆ ಇಳಿಸಿ. ನೊರೆ ನಿಂತ ಮೇಲೆ ಬಿಳಿ ಹರಳು ಬೀಳುತ್ತವೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಸೋಡಾ ಸೇರಿಸಿದ ಕೂಡಲೇ ಫನಲ್‌ಗೆ ಬಿರಡೆ ಹಾಕಿ ಕುಲುಕಬೇಡಿ, ಇಂಗಾಲದ ಡೈಆಕ್ಸೈಡ್ ಒತ್ತಡಕ್ಕೆ ಬಿರಡೆ ಹಾರುತ್ತದೆ. ಈಥೈಲ್ ಅಸಿಟೇಟ್ ಬದಲು ದ್ರಾವಕವಾಗಿ ಈಥರ್ ಕೊಟ್ಟರೂ ಬೇಡ ಅನ್ನಿ. ಅದು 35 ಡಿಗ್ರಿಗೇ ಕುದಿಯುತ್ತದೆ, ನಮ್ಮ ಧಾರವಾಡದ ಏಪ್ರಿಲ್ ಬಿಸಿಲಲ್ಲಿ ಅಷ್ಟು ಸೆಕೆ ಸಾಮಾನ್ಯ. ಈಥೈಲ್ ಅಸಿಟೇಟ್ 77ಕ್ಕೆ ಕುದಿಯುತ್ತದೆ. ಅದಕ್ಕೂ ಬೆಂಕಿ ಹತ್ತುತ್ತದೆ, ಬರ್ನರ್ ಆರಿಸಿಯೇ ಶುರು ಮಾಡಿ.