ಅಜ್ಜಿ ಹುಟ್ಟಿದ ಇಸವಿ

ಪ್ರಶ್ನೆ: ಅಜ್ಜಿ ಚಿತ್ರಭಾನು ಸಂವತ್ಸರದ ಪುಷ್ಯಮಾಸದಲ್ಲಿ ಹುಟ್ಟಿದ್ದಂತೆ. ಬಾಳಚಿತ್ರ ಬರೆಯುತ್ತಿದ್ದೇನೆ. 1942 ಎಂದು ಹಾಕಲೇ?

ಉತ್ತರ: ಬೇಡ, 1943 ಎಂದು ಹಾಕಿ. ಚಿತ್ರಭಾನು ಶುರುವಾದದ್ದು 1942ರ ಯುಗಾದಿಗೆ. ಅದರ ಪುಷ್ಯ ಬಂದದ್ದು 1943ರ ಜನವರಿಯಿಂದ ಫೆಬ್ರವರಿಯ ಮೊದಲ ದಿನಗಳವರೆಗೆ. ಬಹಳ ಜನ ಎಡವುವುದು ಇಲ್ಲೇ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುವುದರಿಂದ, ಅಜ್ಜಿಯ ಮೊದಲ ಮಗುವಿನ ವಯಸ್ಸಿನೊಂದಿಗೂ ತಾಳೆ ನೋಡಿ. ಅದೇ ಪುಷ್ಯದಲ್ಲಿ, ಫೆಬ್ರವರಿ 2ರಂದು, ಎರಡನೇ ಮಹಾಯುದ್ಧದಲ್ಲಿ ರಷ್ಯಾದ ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನ್ ಸೇನೆ ಶರಣಾಯಿತು. ಬಾಳಚಿತ್ರದಲ್ಲಿ ಇದಕ್ಕೆ ಒಂದು ಸಾಲು ಸಾಕು. ಬಾಣಂತಿಯ ಮನೆಗೆ ನಿಜವಾಗಿ ತಟ್ಟಿದ್ದು ಅಕ್ಕಿಯ ಅಭಾವ: 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದ ಮೇಲೆ ಅಲ್ಲಿನ ಅಕ್ಕಿ ನಿಂತುಹೋಯಿತು. ಆ ವರ್ಷ ಮನೆಯಲ್ಲಿ ಏನು ಉಂಡರು ಎಂದು ಹಿರಿಯರನ್ನು ಈಗಲೇ ಕೇಳಿ ಬರೆದುಕೊಳ್ಳಿ.